ಇದ್ದಲಿ ಸೊಸಿಗೆ ದನಿ ಕೊಟ್ಟವನು

ಧ್ವನಿಮುದ್ರಣದ ಕೆಲಸ ಕಲಿಯಬೇಕೆಂದು ಹುಡುಗ ಹುಡುಗಿಯರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವುದು ಯಾವ ಮೈಕು ಒಳ್ಳೆಯದು, ಯಾವ ಸಾಫ್ಟ್‌ವೇರು ಒಳ್ಳೆಯದು ಅಂತ. ಅದನ್ನೆಲ್ಲ ನಿಮ್ಮ ಫೋನೇ ನನಗಿಂತ ಚೆನ್ನಾಗಿ ಹೇಳುತ್ತದೆ, ನನ್ನ ತಲೆ ಯಾಕೆ ತಿನ್ನುತ್ತೀರಿ ಎಂದು ಗದರಿಸಿ, ಆಮೇಲೆ ಪಾಪ ಅನ್ನಿಸಿ ಚಹಾ ಕುಡಿಸಿ ಕಳಿಸುತ್ತೇನೆ. ಫೋನು ಹೇಳದ ನಾಲ್ಕು ಮಾತು ಹೇಳಬೇಕು ಅನ್ನಿಸಿ ಇದನ್ನು ಬರೆಯಲು ಕೂತಿದ್ದೇನೆ. ನನ್ನ ಬಡ್ತಿಯ ಕಥೆ ಇದರಲ್ಲಿ ಇಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಕೋಣೆಯಲ್ಲಿ ಕೂತೆ. ಕುರ್ಚಿ ಎರಡು ಸಲ ಮುರಿದು ಬದಲಾಯಿತು, ಅಷ್ಟೇ.

ನಮ್ಮ ಸ್ಟುಡಿಯೋ ಇದ್ದದ್ದು ಕಲಬುರಗಿಯ ಶಹಾಬಜಾರದ ಒಂದು ಓಣಿಯಲ್ಲಿ, ಚುರುಮುರಿ ಭಟ್ಟಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಚುರುಮುರಿ ಹುರಿಯುತ್ತಿದ್ದರು, ಮೇಲೆ ನಾವು ಗಾಯಕರನ್ನು ಹುರಿಯುತ್ತಿದ್ದೆವು. ಫ್ಯಾನು ತಿರುಗಿದರೆ ಅದರ ಸದ್ದು ಮೈಕಿಗೆ ಬರುತ್ತಿದ್ದರಿಂದ ಹಾಡು ಶುರುವಾಗುವ ಮೊದಲು ಫ್ಯಾನು ಬಂದ್ ಮಾಡುವುದು ನನ್ನ ಮುಖ್ಯ ಕೆಲಸ. ಕಲಬುರಗಿಯ ಬೇಸಿಗೆಯಲ್ಲಿ ಫ್ಯಾನು ಬಂದ್ ಮಾಡುವವನನ್ನು ಜನ ಹೇಗೆ ನೋಡುತ್ತಾರೆ ಎಂಬುದು ನಿಮಗೆ ಗೊತ್ತಿರಬೇಕು. ಭಜನಾ ಮಂಡಳಿಯವರು ಹಸಿ ಟವೆಲನ್ನು ತಲೆಗೆ ಸುತ್ತಿಕೊಂಡು ದೇವರನ್ನು ಕರೆಯುತ್ತಿದ್ದರು. ಅಷ್ಟು ಆರ್ತವಾದ ಭಜನೆಗಳನ್ನು ನಾನು ಬೇರೆಲ್ಲೂ ಕೇಳಿಲ್ಲ.

ಒಮ್ಮೆ ಅಂಥದೇ ಒಂದು ಭಜನೆಯ ಪಲ್ಲವಿಗೆ ಸರಿಯಾಗಿ ಪಕ್ಕದ ಮನೆಯ ಆಡು ಕೂಗಿತು. ನಾನು ಟೇಪು ನಿಲ್ಲಿಸಲು ಕೈ ಚಾಚಿದರೆ ತಬಲಾ ಬಾರಿಸುತ್ತಿದ್ದ ಬಶೀರ ತಲೆ ಅಲ್ಲಾಡಿಸಿ ಬೇಡವೆಂದ. ಆಡು ತಾಳ ತಪ್ಪಿರಲಿಲ್ಲ. ಮಂಡಳಿಯ ಹಿರಿಯರು ಕೇಳಿ ನೋಡಿ ಇದು ದೈವಸಂಕೇತ, ತೆಗೆಯಬೇಡಿ ಅಂದರು. ಆಮೇಲೆ ಹಳ್ಳಿಯವರು ಅಂಗಡಿಗೆ ಬಂದು ಆಡಿನ ಭಜನೆ ಇರುವ ಕ್ಯಾಸೆಟ್ಟು ಕೊಡಿ ಎಂದೇ ಕೇಳುತ್ತಿದ್ದರು. ಆ ಮಂಡಳಿಯವರು ಮುಂದಿನ ವರ್ಷ ಮತ್ತೆ ಬಂದಾಗ, ಆಡು ಇದೆಯಲ್ಲವೇ ಎಂದು ಮೊದಲೇ ವಿಚಾರಿಸಿಕೊಂಡರು.

ಈ ಬಶೀರ ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ಅದೇ ಓಣಿಯವನು, ಮನೆಯಲ್ಲಿ ದಖನಿ ಉರ್ದು, ಹೊರಗೆ ಕನ್ನಡ, ತಬಲಾ ಮುಂದೆ ಕೂತರೆ ಎರಡೂ ಇಲ್ಲ. ನಮ್ಮ ಮಾಲೀಕರನ್ನು ನಾವು ಸಾಹುಕಾರರು ಅನ್ನುತ್ತಿದ್ದೆವು. ಅವರಿಗೆ ಸಂಗೀತ ಗೊತ್ತಿರಲಿಲ್ಲ, ಆದರೆ ಜನ ಯಾವಾಗ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಾರೆ ಎಂಬುದು ಚೆನ್ನಾಗಿ ಗೊತ್ತಿತ್ತು. ಬೀಗರ ಹಾಡಿನ ಕ್ಯಾಸೆಟ್ಟೊಂದನ್ನು ಮಾಡಿದ ಮೇಲೆ ಅದರಲ್ಲಿ ಹೊಟ್ಟೆಬಾಕ ಅನ್ನಿಸಿಕೊಂಡ ಬೀಗರೊಬ್ಬರು ನಿಜವಾಗಿಯೇ ಜಗಳಕ್ಕೆ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಅವತ್ತಿನಿಂದ ಸಾಹುಕಾರರು ಒಂದು ನಿಯಮ ಮಾಡಿದರು. ನಾವು ಅದಕ್ಕೆ ಒಣ ಓದು ಎಂದು ಹೆಸರಿಟ್ಟೆವು.

ಒಣ ಓದು ಅಂದರೆ ಇಷ್ಟೆ. ಹಾಡಿನಲ್ಲಿ ಯಾರನ್ನಾದರೂ ಚೇಷ್ಟೆ ಮಾಡಿದ್ದರೆ, ಅಂಥವರನ್ನೇ ಒಬ್ಬರನ್ನು ಕರೆತಂದು ಕುರ್ಚಿಯ ಮೇಲೆ ಕೂಡಿಸಬೇಕು. ರಾಗ ಇಲ್ಲ, ತಾಳ ಇಲ್ಲ. ಹಾಡುವವರು ಆ ಮಾತುಗಳನ್ನು ಅವರ ಮುಖ ನೋಡಿ ಸುಮ್ಮನೆ ಹೇಳಬೇಕು. ಕೂತವರು ನಕ್ಕರೆ ಮುದ್ರಣ, ಎದ್ದರೆ ಮಾತು ಬದಲಾಯಿಸಬೇಕು. ಡ್ರೈವರುಗಳ ಮೇಲಿನ ಹಾಡಿಗೆ ಡ್ರೈವರನ್ನು ಕರೆಯುತ್ತಿದ್ದೆವು, ಮಾಸ್ತರರ ಮೇಲಿನ ಹಾಡಿಗೆ ಮಾಸ್ತರರನ್ನು. ಅತ್ತೆಯರ ಮೇಲಿನ ಹಾಡಾದರೆ ಸಾಹುಕಾರರ ತಾಯಿ ಇದ್ದರು, ನಮಗೆಲ್ಲ ಆಯಿ. ಎಲೆಅಡಿಕೆ ಕುಟ್ಟುತ್ತ ಕೇಳಿಸಿಕೊಂಡು, ‘ಇದೇನ ಬೈಗುಳಾರೀ, ಸಪ್ಪಗ ಅದ’ ಎಂದು ತಾವೇ ಎರಡು ಸಾಲು ಸೇರಿಸುತ್ತಿದ್ದರು. ರಾಗ ತೆಗೆದಾಗ ಎಷ್ಟು ಹಾಡುಗಳು ಬಾಯಿಂದ ಹೊರಗೇ ಬರುವುದಿಲ್ಲ ಎಂಬುದನ್ನು ನಾನು ಅಲ್ಲಿ ಕಂಡೆ.

ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಕ್ಯಾಸೆಟ್ಟುಗಳ ಕೊನೆಗಾಲದಲ್ಲಿ ಹಾಸ್ಯದ ಕ್ಯಾಸೆಟ್ಟುಗಳಿಗೆ ಬಹಳ ಬೇಡಿಕೆ ಇತ್ತು. ನನಗೆ ದನಿ ಬದಲಿಸಿ ಮಾತಾಡುವ ಚಟ. ಸಾಹುಕಾರರು ಅದನ್ನು ಕಂಡು, ಬರಿ ಒಂದು, ಮಾಡಿ ನೋಡೋಣ ಅಂದರು. ನಾನು ಒಂದು ವಾರ ಕೂತು ‘ಇದ್ದಲಿ ಸೊಸಿ’ ಬರೆದೆ. ಕಮಲಾಪುರದ ಮನೆಯೊಂದಕ್ಕೆ ಇದ್ದಿಲಿನಂತೆ ಕಪ್ಪಗಿನ ಸೊಸೆ ಬರುತ್ತಾಳೆ, ಮನೆಯವರು ಆಕೆಯನ್ನು ಹಗಲಲ್ಲೂ ಹುಡುಕುತ್ತಾರೆ. ಕಥೆ ಅಷ್ಟೇ. ಕಮಲಾಪುರ ಯಾಕೆ ಅಂದರೆ, ಬಾಯಿಗೆ ಸಲೀಸಾಗಿ ಬಂತು, ಬೇರೆ ಕಾರಣ ಇಲ್ಲ. ಅತ್ತೆ, ಸೊಸೆ, ಮಾವ, ಓಡುತ್ತ ಬಂದು ದಖನಿ ಬೆರೆಸಿ ತಪ್ಪು ಕನ್ನಡ ಮಾತಾಡುವ ಒಬ್ಬ ಸಾಬಣ್ಣ, ಎಲ್ಲ ದನಿಯೂ ನನ್ನದೇ. ಸೊಸೆಗೆ ಮೂಗಿನಲ್ಲಿ ಎಳೆದು ಮಾತಾಡುವ ಸಣ್ಣ ದನಿ ಕೊಟ್ಟಿದ್ದೆ.

ನಾನು ಬೆಳ್ಳಗಿದ್ದೇನೆ. ಇದನ್ನು ಬರೆಯಲು ಈಗ ಮುಜುಗರ, ಆಗ ಅದೇ ನನ್ನ ಆಸ್ತಿ. ಕೂದಲು ಬೇಗ ಉದುರಿತು, ಎತ್ತರವೂ ಕಡಿಮೆ, ಆದರೂ ಬಣ್ಣ ಒಂದು ಚಲೋ ಅದ ಎಂದು ಮನೆಯವರೆಲ್ಲ ಹೇಳಿ ಹೇಳಿ ನನ್ನನ್ನು ಕೆಡಿಸಿದ್ದರು. ಇಂಥವನು ಬರೆದ ಇಂಥ ಮಾತಿಗೆ ಕಪ್ಪಗಿನ ಹೆಣ್ಣುಮಗಳೊಬ್ಬಳನ್ನು ಕೂಡಿಸಿ ಒಣ ಓದು ಮಾಡಬೇಕಿತ್ತು. ಮಾಡಲಿಲ್ಲ. ಅವಸರವಿತ್ತು ಎಂದು ಬಶೀರನೊಬ್ಬನ ಮುಂದೆ ಓದಿದೆವು, ಅವನು ನಕ್ಕ, ಮುದ್ರಣವಾಯಿತು. ಕವರಿನ ಮೇಲೆ ನನ್ನ ಹೆಸರು ಹಾಕಿದರೆ ಮಾವ ಬೈಯುತ್ತಾರೆ ಎಂದು ‘ಹಾಸ್ಯಭಾಸ್ಕರ’ ಎಂದು ಹಾಕಿಸಿದೆ. ಅದು ಯಾರು ಎಂಬುದು ಸಾಹುಕಾರರಿಗೆ, ಬಶೀರನಿಗೆ, ನನಗೆ ಮಾತ್ರ ಗೊತ್ತು. ಕ್ಯಾಸೆಟ್ಟು ಎಲ್ಲ ಕಡೆ ಓಡಿತು. ಮದುವೆ ಮನೆಯ ಲೌಡ್‌ಸ್ಪೀಕರಿನಲ್ಲಿ ನನ್ನ ಮೂಗಿನ ದನಿ ಕೇಳಿಸಿದಾಗಲೆಲ್ಲ ಎದೆ ಉಬ್ಬಿಸಿಕೊಂಡು ನಡೆಯುತ್ತಿದ್ದೆ.

ಕ್ಯಾಸೆಟ್ಟು ಹೋಯಿತು, ಸೀಡಿ ಬಂತು, ಅದೂ ಹೋಯಿತು. ಕಂಪ್ಯೂಟರು ಬಂದ ಮೇಲೆ ತಾಳ ತಪ್ಪಿದವನನ್ನೂ ಸರಿಮಾಡಬಹುದು ಎಂದು ಗೊತ್ತಾಗಿ ತಾಳ ತಪ್ಪುವವರೆಲ್ಲ ನಮ್ಮಲ್ಲಿಗೇ ಬರತೊಡಗಿದರು. ಸಾಹುಕಾರರು ತೀರಿಕೊಂಡರು. ಅವರ ಮಗ ಬೀಗದ ಕೈ ನನಗೆ ಕೊಟ್ಟು, ಏನಾದರೂ ಮಾಡಿಕೊಳ್ಳಿ ಅಂದ. ಆಗಲೇ ನಮ್ಮ ಮೆಟ್ಟಿಲು ಹತ್ತಿ ಬಂದವರು ರಾಪ್ ಹಾಡಿನ ಹುಡುಗರು.

ಮೊದಲ ಹುಡುಗ ಬಂದದ್ದು ಮೇ ತಿಂಗಳಲ್ಲಿ, ಉಣ್ಣೆಯ ಟೋಪಿ, ದಪ್ಪ ಜಾಕೀಟು, ಕೊರಳಲ್ಲಿ ಎಮ್ಮೆಗೆ ಕಟ್ಟುವಷ್ಟು ದೊಡ್ಡ ಸರಪಳಿ ಹಾಕಿಕೊಂಡು. ತಾನು ಗೆಟ್ಟೋದಿಂದ ಬಂದವನು ಅಂದ. ಅದು ಯಾವ ತಾಲೂಕಪ್ಪ ಎಂದು ಕೇಳಿದೆ. ಬ್ರಹ್ಮಪುರ ಅಂದ. ಬ್ರಹ್ಮಪುರದಲ್ಲಿ ಗುಡಿ ಇದೆ, ನಮ್ಮ ಬೀಗರ ಮನೆ ಇದೆ, ಅಮೆರಿಕದ ಕಪ್ಪು ಜನರ ಬಡ ಕೇರಿಗೆ ಅನ್ನುವ ಗೆಟ್ಟೋ ನಾನು ನೋಡಿರಲಿಲ್ಲ. ಅವನ ಹಾಡಿನಲ್ಲಿ ಬಂದೂಕು, ಜೈಲು, ಪೊಲೀಸರ ಬೆನ್ನಟ್ಟುವಿಕೆ ಎಲ್ಲ ಇತ್ತು. ಹಾಡಿನ ನಡುವೆ ಅವನ ತಂದೆ ಊಟದ ಡಬ್ಬಿ ಹಿಡಿದುಕೊಂಡು ಬಂದರು. ಮಗನ ದನಿ ಒಣಗಬಾರದು ಎಂದು ಮಜ್ಜಿಗೆ ಬೇರೆ ತಂದಿದ್ದರು.

ಆ ಹಾಡಿನಲ್ಲಿ ಅವನು ತನ್ನನ್ನೂ ಗೆಳೆಯರನ್ನೂ ಒಂದು ಪದದಿಂದ ಕರೆದುಕೊಂಡಿದ್ದ. ಅಮೆರಿಕದಲ್ಲಿ ಕಪ್ಪು ಜನರನ್ನು ಬಿಳಿಯರು ಬೈಯುತ್ತಿದ್ದ ಪದ ಅದು, ಈಗ ಅಲ್ಲಿನ ಕಪ್ಪು ಹಾಡುಗಾರರು ಅದನ್ನು ತಮ್ಮದೇ ಮಾಡಿಕೊಂಡು ತಮ್ಮೊಳಗೆ ಬಳಸುತ್ತಾರಂತೆ. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ನಿಯಮ ನಿಯಮವೇ, ಒಣ ಓದಿಗೆ ಯಾರನ್ನು ಕರೆಯಲಿ ಎಂದು ನೋಡಿದರೆ ಹೊರಗಿನ ಬೆಂಚಿನ ಮೇಲೆ ಜೋಸೆಫ್ ಕೂತಿದ್ದ. ತಾಂಜಾನಿಯಾದಿಂದ ಔಷಧಶಾಸ್ತ್ರ ಓದಲು ಬಂದು ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಆರಡಿ ಹುಡುಗ, ಚರ್ಚಿನ ಹಾಡು ಮುದ್ರಿಸಲು ಬಂದಿದ್ದ. ಅವನು ಕನ್ನಡ ಕಲಿತದ್ದು ಮನೆಯ ಮಾಲಕಿ ಮುದುಕಿಯಿಂದ. ಹೀಗಾಗಿ ಬಾಯಿ ಬಿಟ್ಟರೆ ನಮ್ಮ ಸೋದರತ್ತೆ ಮಾತಾಡಿದಂತೆ ಇರುತ್ತಿತ್ತು.

ಬ್ರಹ್ಮಪುರದ ಹುಡುಗ ಜೋಸೆಫನ ಮುಖ ನೋಡಿ ಸಾಲು ಶುರು ಮಾಡಿದ. ಆ ಪದ ಬರುವ ಹೊತ್ತಿಗೆ ದನಿ ಇಳಿದು ಇಳಿದು ಕಾಣೆಯಾಯಿತು. ಇದು ಗೌರವದ ಮಾತು, ಬ್ರದರ್ ಎಂದು ಸಮಜಾಯಿಷಿ ಕೊಟ್ಟ. ಜೋಸೆಫ್ ಗಲ್ಲಕ್ಕೆ ಕೈ ಹಚ್ಚಿ, ‘ಅಯ್ಯ ನಮ್ಮವ್ವ, ಗೌರವ ಇದ್ರ ನಿಮ್ಮಪ್ಪಗ ಅನ್ನು, ಇಲ್ಲೇ ಅದಾರ’ ಅಂದ. ಹುಡುಗ ತಂದೆಯನ್ನು ನೋಡಿದ, ತಂದೆ ಮಜ್ಜಿಗೆ ಹಿಡಿದು ನಿಂತಿದ್ದರು. ಆಮೇಲೆ ಜೋಸೆಫ್ ಮೆತ್ತಗೆ ಹೇಳಿದ: ಆ ಮಾತನ್ನು ತನಗೆ ಸಿಟಿ ಬಸ್ಸಿನಲ್ಲಿ ಯಾರೋ ಹಿಂದಿನಿಂದ ಅಂದಿದ್ದರಂತೆ, ಅವತ್ತು ಅವನು ನಡುದಾರಿಯಲ್ಲಿ ಇಳಿದು ನಡೆದುಕೊಂಡು ಬಂದಿದ್ದನಂತೆ. ಹುಡುಗ ಪೆನ್ನು ತೆಗೆದುಕೊಂಡು ಆ ಪದ ಹೊಡೆದು ಹಾಕಿ ‘ಬ್ರಹ್ಮಪುರದ ಹುಡುಗರು’ ಎಂದು ಬರೆದ. ಬಂದೂಕಿನ ಸಾಲು ಹಾಗೇ ಉಳಿಯಿತು, ಯಾಕೆಂದರೆ ಒಣ ಓದಿಗೆ ಕೂಡಿಸಲು ನಮಗೆ ಬಂದೂಕಿನವರು ಯಾರೂ ಸಿಗಲಿಲ್ಲ.

ಇಂಥ ಹತ್ತಾರು ಹುಡುಗರು ಬಂದು ಹೋದರು. ಎಲ್ಲರ ಹಾಡಿನಲ್ಲೂ ಇದ್ದದ್ದು ಎರಡೇ ಸಂಗತಿ. ನಮ್ಮ ಮಂದಿ ಹುಲಿಗಳು, ಮತ್ತು ಬೆಂಗಳೂರಿನವರು ಇಡ್ಲಿ ತಿಂದು ಮೆತ್ತಗಾದವರು. ಬೆಂಗಳೂರಿನ ಹುಡುಗರ ಹಾಡಿನಲ್ಲಿ ಕಲಬುರಗಿಯವರು ಬಿಸಿಲಿಗೆ ತಲೆಕೆಟ್ಟವರು ಎಂದು ಇರುತ್ತಿತ್ತಂತೆ. ಒಬ್ಬರನ್ನೊಬ್ಬರು ನೋಡದೆ ಹೀಗೆ ಬೈದುಕೊಳ್ಳುವುದಕ್ಕೆ ಇಷ್ಟು ದುಬಾರಿ ಮೈಕು ಬೇಕೇ ಎಂದು ನನಗೆ ಸಿಟ್ಟು ಬರುತ್ತಿತ್ತು. ನಾನು ಬಹಳ ಸಂಭಾವಿತನಂತೆ ಅವರಿಗೆ ಬುದ್ಧಿ ಹೇಳುತ್ತಿದ್ದೆ. ಹಾಗೆ ಹೇಳುವಾಗ ಬಶೀರ ನನ್ನನ್ನೇ ನೋಡುತ್ತ ಕೂತಿರುತ್ತಿದ್ದ.

ಆಗ ಬಂದವಳು ಕರುಣಾ. ಕಮಲಾಪುರದ ಹುಡುಗಿ, ಇಪ್ಪತ್ತು ವರ್ಷ, ದಿನವೂ ಬಸ್ಸಿನಲ್ಲಿ ಕಲಬುರಗಿಗೆ ಬಂದು ಕಾಲೇಜು ಮಾಡುತ್ತಿದ್ದಳು. ಟೋಪಿ ಇಲ್ಲ, ಸರಪಳಿ ಇಲ್ಲ, ಭುಜದ ಮೇಲೊಂದು ಬಟ್ಟೆಯ ಚೀಲ. ಹಾಡುಗಾರಿಕೆಯ ಹೆಸರೇನು ಎಂದು ಕೇಳಿದರೆ ‘ಎಂ.ಸಿ. ಕೆಂಬಾಳಿ’ ಅಂದಳು, ರಾಪ್ ಹಾಡುವವರು ಹೆಸರಿನ ಮುಂದೆ ಎಂ.ಸಿ. ಹಾಕಿಕೊಳ್ಳುತ್ತಾರಂತೆ. ಕಮಲಾಪುರದ ಕೆಂಪು ಬಾಳೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಅವಳ ತಾಯಿ ಶಾಂತಾಬಾಯಿ ಅಲ್ಲೇ ರಸ್ತೆಯ ಬದಿ ಅದನ್ನು ಮಾರುತ್ತಿದ್ದರು. ಹೆಸರಿಗೆ ನಾನು ನಗತೊಡಗಿದೆ. ಅವಳು ನಗಲಿಲ್ಲ, ಹಾಡಿ ತೋರಿಸಿದಳು.

‘ಕಪ್ಪ ಅದೀನಿ, ತಪ್ಪ ಏನ, ಒಪ್ಪಿಗಿ ಯಾರ ಕೇಳ್ಯಾರ,
ನೆರಳ ಬೇಕಾದಾಗ ಮಾತ್ರ ಕಪ್ಪ ಮೋಡ ಹುಡುಕ್ಯಾರ.’

ಬಶೀರನ ಕೈ ತಾನಾಗಿ ತಬಲಾದ ಮೇಲೆ ಹೋಯಿತು. ಅಷ್ಟು ವರ್ಷ ಕೂತರೂ ನನಗೆ ರಾಪ್ ಹಾಡು ಹಿಡಿಸಿದ್ದು ಅವತ್ತೇ. ಮಿಕ್ಕ ಹುಡುಗರ ಹಾಡಿಗೂ ನಿನ್ನ ಹಾಡಿಗೂ ಇಷ್ಟು ಫರಕ್ಕು ಯಾಕವ್ವ ಎಂದು ಕೇಳಿದೆ. ‘ಸರ, ಅಮೆರಿಕಾದಾಗ ಕಪ್ಪ ಮಂದಿ ನಾವು ಕಪ್ಪ ಅದೀವಿ ಅಂತ ಎದಿ ತಟ್ಟಿ ಹೇಳಾಕ ಈ ಹಾಡ ಕಟ್ಯಾರ್ರಿ. ನಮ್ಮ ಹುಡುಗರು ಅವರ ಸರಪಳಿ ತೊಗೊಂಡ್ರು, ಮಾತ ಅಲ್ಲೇ ಬಿಟ್ಟು ಬಂದ್ರು’ ಅಂದಳು. ನಾನು ಒಪ್ಪಿದೆ. ಹದಿನೈದು ದಿನದಲ್ಲಿ ಅವಳ ಕಾಲೇಜಿನ ದೊಡ್ಡ ಕಾರ್ಯಕ್ರಮವಿತ್ತು, ಅದಕ್ಕೆ ಹಾಡು ತಯಾರಾಗಬೇಕಿತ್ತು.

ಆಮೇಲೆ ಅವಳು ಚೀಲದಿಂದ ಒಂದು ಹಳೆಯ ಕ್ಯಾಸೆಟ್ಟು ತೆಗೆದಳು. ಕವರು ಹರಿದಿತ್ತು, ಆದರೆ ನನಗೆ ದೂರದಿಂದಲೇ ಗುರುತು ಸಿಕ್ಕಿತು. ಹಾಡಿನ ಮೊದಲಿಗೆ ಇದರ ಒಂದು ತುಣುಕು ಹಾಕಬೇಕು, ಈ ದನಿಗೆ ತಾನು ಉತ್ತರ ಕೊಡುವಂತೆ ಹಾಡು ಮುಂದುವರಿಯಬೇಕು ಅಂದಳು. ಇಪ್ಪತ್ತೆರಡು ವರ್ಷದ ಹಿಂದೆ ಶಾಂತಾಬಾಯಿ ಮದುವೆಯಾಗಿ ಕಮಲಾಪುರಕ್ಕೆ ಬಂದ ದಿನ ಚಪ್ಪರದಲ್ಲಿ ಯಾರೋ ಈ ಕ್ಯಾಸೆಟ್ಟು ಹಾಕಿದ್ದರಂತೆ. ಹೊಸ ಸೊಸೆ ಕಪ್ಪಗಿದ್ದಳು, ಊರೂ ಅದೇ. ಇಡೀ ಚಪ್ಪರ ನಕ್ಕಿತಂತೆ. ಅವತ್ತಿನಿಂದ ಆಕೆಯನ್ನು ಶಾಂತಾ ಎಂದು ಕರೆದವರು ಕಡಿಮೆ. ನೀರಿಗೆ ಹೋದರೆ ಇದ್ದಲಿ, ರೇಷನ್ ಅಂಗಡಿಗೆ ಹೋದರೆ ಇದ್ದಲಿ. ಕರುಣಾ ಶಾಲೆಗೆ ಸೇರಿದ ದಿನ ತಾಯಿಯ ಹೆಸರೇನು ಎಂದು ಮಾಸ್ತರರು ಕೇಳಿದಾಗ ಹಿಂದೆ ಕೂತ ಹುಡುಗರು ಒಟ್ಟಿಗೆ ಉತ್ತರ ಕೊಟ್ಟಿದ್ದರಂತೆ.

ನನ್ನ ದನಿ ಮದುವೆ ಚಪ್ಪರಗಳಲ್ಲಿ ಕೇಳಿಸುತ್ತಿತ್ತು ಎಂದು ಹೆಮ್ಮೆಪಟ್ಟವನು ನಾನೇ ಅಲ್ಲವೇ. ಬಶೀರ ತಬಲಾದ ಹಗ್ಗ ಬಿಗಿಯುವ ನೆಪದಲ್ಲಿ ತಲೆ ಬಗ್ಗಿಸಿದ. ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. ಟೇಪಿಗೆ ಬೂಷ್ಟು ಹಿಡಿದಿದೆ, ಮಷೀನಿನ ಬೆಲ್ಟು ತುಂಡಾಗಿದೆ, ನಾಡಿದ್ದು ಬಾ ಅಂದೆ.

ನಾಡಿದ್ದು ಬಂದಳು. ಬೆಲ್ಟು ಹೈದರಾಬಾದಿನಿಂದ ಬರಬೇಕು ಅಂದೆ. ಮತ್ತೆರಡು ದಿನಕ್ಕೆ ತಾನೇ ಒಂದು ರಬ್ಬರು ಬೆಲ್ಟು ಹುಡುಕಿ ತಂದಳು. ಅದು ಅಳತೆಗೆ ಹೊಂದುವುದಿಲ್ಲ ಅಂದೆ, ಹಾಕಿ ನೋಡಿದರೆ ದರಿದ್ರದ್ದು ಸರಿಯಾಗಿ ಕೂತಿತು. ನನ್ನ ಮೂಗಿನ ದನಿ ಆ ಕೋಣೆಯಲ್ಲಿ ಮತ್ತೆ ಕೇಳಿಸಿತು. ಅತ್ತೆ ‘ದೀಪ ಹಚ್ಚಿರಿ, ಸೊಸಿ ಎಲ್ಲಿ ಕುಂತಾಳ ಕಾಣವಲ್ದು’ ಅನ್ನುತ್ತಾಳೆ. ಸೊಸೆ, ನಾ ಇಲ್ಲೇ ಅದೀನ್ರಿ ಅತ್ತಿ, ನಕ್ಕರ ಕಾಣ್ತೀನ್ರಿ ಅನ್ನುತ್ತಾಳೆ. ನಾನು ಅಷ್ಟು ಹೊತ್ತು ಕೆಮ್ಮಿದೆ, ನನ್ನ ದನಿಗೂ ಅದಕ್ಕೂ ಇರುವ ಹೋಲಿಕೆ ಅವಳಿಗೆ ಗೊತ್ತಾಗಬಾರದು ಎಂದು ಆಮೇಲೆ ಎರಡು ದಿನ ಗಂಟಲು ಕಟ್ಟಿದವನಂತೆ ಪಿಸುಗುಟ್ಟುತ್ತ ಓಡಾಡಿದೆ. ಮನೆಯಲ್ಲಿ ಹೆಂಡತಿ ಕಷಾಯ ಕುಡಿಸಿದಳು.

ದನಿಯ ಮಟ್ಟ ನೋಡಲು ಕರುಣಾಳನ್ನು ಮೈಕಿನ ಮುಂದೆ ನಿಲ್ಲಿಸಿದ ದಿನ ಇನ್ನೂ ಫಜೀತಿ. ಅವಳು ಆ ಹಾಸ್ಯಭಾಸ್ಕರನಿಗೆಂದೇ ಹೊಸ ಸಾಲು ಬರೆದಿದ್ದಳು.

‘ಪರದೆ ಹಿಂದ ಕುಂತ ಹಲ್ಲ ಕಿಸದ ಹೇಡಿ ನೀ ಯಾರ,
ಮಾರಿ ತೋರಸು ಒಮ್ಮೆ, ನಿನ್ನ ದನಿಗಿ ಇಲ್ಲೇನ ಊರ.’

ನಾನು ಗಾಜಿನ ಪರದೆಯ ಹಿಂದೆಯೇ ಕೂತಿದ್ದೆ. ‘ಹೇಡಿ’ ಎಂದಾಗಲೆಲ್ಲ ಅವಳ ಉಸಿರು ಮೈಕಿಗೆ ಬಡಿದು ಬುಸ್ಸೆನ್ನುತ್ತಿತ್ತು. ಮೂವತ್ತು ವರ್ಷದ ಅಭ್ಯಾಸ, ಸುಮ್ಮನಿರಲು ಆಗಲಿಲ್ಲ. ಸ್ವಲ್ಪ ಪಕ್ಕಕ್ಕೆ ತಿರುಗಿ ಹೇಡಿ ಅನ್ನವ್ವ, ಮಾತು ಸ್ಪಷ್ಟ ಬರುತ್ತದೆ ಎಂದೆ. ಅವಳು ತಿರುಗಿ ಅಂದಳು. ಇನ್ನೂ ಸ್ವಲ್ಪ ಗಟ್ಟಿಯಾಗಿ ಎಂದೆ. ಇನ್ನೂ ಗಟ್ಟಿಯಾಗಿ ಅಂದಳು. ಹೀಗೆ ಹನ್ನೊಂದು ಸಲ ಹೇಡಿ ಅನ್ನಿಸಿಕೊಂಡೆ. ಬಶೀರ ತಬಲಾದ ಮೇಲೆ ಮುಖ ಇಟ್ಟು ಅಲ್ಲಾಡುತ್ತಿದ್ದ, ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ.

ಎಲ್ಲ ಸರಿಯಾದ ಮೇಲೆ, ಇನ್ನು ಮುದ್ರಣ ಮಾಡೋಣ ಎಂದೆ. ಕರುಣಾ ಕಿವಿಯ ಹೆಡ್‌ಫೋನು ತೆಗೆದಳು. ‘ಒಣ ಓದು ಆಗಿಲ್ರಿ ಸರ. ಇದು ಆ ಮನುಷ್ಯಾನ ಮ್ಯಾಲಿನ ಹಾಡ. ಆಂವ ಬಂದು ಕೂಡಬೇಕಲ್ಲ’ ಅಂದಳು. ಆ ನಿಯಮವನ್ನು ಮೊದಲ ದಿನ ಅವಳಿಗೆ ಹೆಮ್ಮೆಯಿಂದ ಹೇಳಿಕೊಟ್ಟವನು ನಾನೇ. ಆ ಮನುಷ್ಯ ಎಲ್ಲಿದ್ದಾನೋ, ಇದ್ದಾನೋ ಸತ್ತಿದ್ದಾನೋ, ಈ ಸಲ ನಿಯಮ ಬಿಡೋಣ ಎಂದೆ. ಅವಳು ಬಿಡಲಿಲ್ಲ. ‘ನಮ್ಮವ್ವಗ ಹಿಂದಿಂದ ಅಂದಾನ. ನಾನೂ ಹಿಂದಿಂದ ಅಂದ್ರ ನನಗೂ ಅವಗೂ ಏನ ಫರಕ್ ಉಳಿತರಿ. ಸಿಗೂತನಕ ಹಾಡಂಗಿಲ್ಲ.’ ಕಾರ್ಯಕ್ರಮಕ್ಕೆ ನಾಲ್ಕು ದಿನ ಉಳಿದಿತ್ತು. ಹಾಡದಿದ್ದರೆ ಪರವಾಗಿಲ್ಲ ಎಂದು ಚೀಲ ಹೆಗಲಿಗೇರಿಸಿ ಇಳಿದು ಹೋದಳು.

ನಾನು ಫ್ಯಾನು ಹಾಕುವುದನ್ನೂ ಮರೆತು ಕೂತೆ. ಬಾಯಿ ಬಿಟ್ಟರೆ ನನ್ನ ಮಾನ ಹೋಗುತ್ತದೆ, ಮುಚ್ಚಿಕೊಂಡರೆ ಅವಳ ಹಾಡು ಹೋಗುತ್ತದೆ. ಬಶೀರನ ಮೇಲೆ ರೇಗಿದೆ: ಅವತ್ತು ಒಣ ಓದಿನಲ್ಲಿ ನೀನು ನಗದೆ ಎದ್ದು ಹೋಗಿದ್ದರೆ ಇದೆಲ್ಲ ಆಗುತ್ತಿತ್ತೇ ಎಂದೆ. ಬಶೀರ ತಬಲಾ ಮುಚ್ಚಿಟ್ಟು, ‘ಅದರಾಗ ತಪ್ಪ ಕನ್ನಡ ಮಾತಾಡೋ ಸಾಬಣ್ಣ ಇದ್ದ, ನೆನಪದ ಇಲ್ಲ? ಅವನ ಮಾತಿಗೂ ನಾ ನಕ್ಕೀನಿ ಭಾಯಿ. ನಗಲಿಲ್ಲಾಂದ್ರ ಮರುದಿನ ತಬಲಾಕ ಯಾರ ಕರೀತಿದ್ರು’ ಅಂದ. ಇಷ್ಟು ವರ್ಷ ಪಕ್ಕದಲ್ಲಿ ಕೂತವನು ಅದನ್ನು ನನಗೆ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಇಬ್ಬರೂ ಕಮಲಾಪುರದ ಬಸ್ಸು ಹತ್ತಿದೆವು.

ಶಾಂತಾಬಾಯಿ ರಸ್ತೆಯ ಬದಿ ತಾಡಪತ್ರಿಯ ನೆರಳಲ್ಲಿ ಕೂತಿದ್ದರು. ಮುಂದೆ ಕೆಂಪು ಬಾಳೆಯ ಗೊನೆಗಳು, ಪಕ್ಕದಲ್ಲಿ ಕರುಣಾ. ಬಸ್ಸು ಕಾಯುವ ಏಳೆಂಟು ಜನ ಅಲ್ಲೇ ನಿಂತಿದ್ದರು. ಅವರು ಹೋಗಲಿ ಎಂದು ಕಾದೆ, ಬಸ್ಸೇ ಬರಲೊಲ್ಲದು. ಎರಡು ಡಜನ್ ಹಣ್ಣು ಕೊಂಡೆ. ಬಶೀರ ಬೆನ್ನಿಗೆ ತಿವಿದ. ಮತ್ತೊಂದು ಡಜನ್ ಕೊಂಡೆ. ಕೊನೆಗೆ ಹಣ್ಣಿನ ಚೀಲ ಎದೆಗವಚಿಕೊಂಡು, ಆ ಕ್ಯಾಸೆಟ್ಟಿನ ದನಿ ನನ್ನದೇ ತಾಯಿ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಕರುಣಾ ಎದ್ದು ನಿಂತಳು. ಹನ್ನೊಂದು ಸಲದ ಹೇಡಿ ನೆನಪಾಗಿರಬೇಕು, ಅವಳ ಬಾಯಿ ತೆರೆದದ್ದು ತೆರೆದೇ ಇತ್ತು. ಶಾಂತಾಬಾಯಿ ನನ್ನನ್ನು ತಲೆಯಿಂದ ಕಾಲಿನವರೆಗೆ ನಿಧಾನ ನೋಡಿದರು. ‘ನೀವೇನ್ರಿ? ನಾ ಯಾರೋ ದೊಡ್ಡ ಮನುಷ್ಯಾ ಇರಬೇಕಂತ ಮಾಡಿದ್ದೆ’ ಅಂದರು. ಆಮೇಲೆ ಮುಂದಿನ ಬುಟ್ಟಿ ಪಕ್ಕಕ್ಕೆ ಸರಿಸಿ ಸರಿಯಾಗಿ ಕೂತು, ‘ಅಂದು ತೋರಸ್ರಿ ನೋಡಮು. ನನ್ನ ಮಾರಿ ನೋಡಿ ಅನ್ರಿ’ ಅಂದರು.

ಲೌಡ್‌ಸ್ಪೀಕರು ಇಲ್ಲ, ಹಿಂದೆ ನಗುವ ಜನ ಇಲ್ಲ. ಬಸ್ಸು ಕಾಯುವವರೂ ಹತ್ತಿರ ಬಂದು ನಿಂತರು. ನಾನು ಅತ್ತೆಯ ಮಾತು ಹೇಳಿದೆ, ದೀಪ ಹಚ್ಚಿರಿ ಎಂದೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮೂಗಿನ ದನಿ ತೆಗೆಯಲು ಹೋದರೆ ಮುದಿ ಗಂಟಲು ಒಡೆದು ಬಂತು. ‘ನಾ ಇಲ್ಲೇ ಅದೀನ್ರಿ’ ಎಂದೆ. ಆಕೆ ಎದುರಿಗೇ ಇದ್ದರು, ಒಂದು ಮಾರು ದೂರದಲ್ಲಿ, ರೆಪ್ಪೆ ಬಡಿಯದೆ ನೋಡುತ್ತಿದ್ದರು. ಮುಂದಿನ ಮಾತು ಬಾಯಿಗೆ ಬರಲಿಲ್ಲ. ಎರಡು ಸಲ ಪ್ರಯತ್ನಿಸಿದೆ. ಕಣ್ಣಲ್ಲಿ ನೀರು ಬಂತು, ತಪ್ಪಾಯಿತು ತಾಯಿ ಎಂದು ಕೈ ಮುಗಿಯಲು ಹೋದರೆ ಬಾಳೆಹಣ್ಣಿನ ಚೀಲ ಅಡ್ಡ ಬಂತು.

‘ಇಪ್ಪತ್ತೆರಡ ವರ್ಷ ಆ ಹೆಸರಿಗಿ ಓ ಅಂದೀನ್ರಿ’ ಅಂದರು ಶಾಂತಾಬಾಯಿ. ‘ನೀರ ತರೂವಾಗ ಒಬ್ಬಾಕಿನೇ ನಿಮಗ ಉತ್ತರಾ ಕಟ್ಕೋತ ಬರ್ತಿದ್ದೆ. ನೀವು ಸಿಕ್ಕಿದ್ದಿಲ್ಲ. ಕೂತು ಕೇಳ್ರಿ ಈಗ.’ ನಾನು ಅಲ್ಲೇ ನೆಲದ ಮೇಲೆ ಕೂತೆ. ಆಕೆ ಬೀಗರ ಹಾಡಿನ ಧಾಟಿ ಹಿಡಿದು ಶುರು ಮಾಡಿದರು, ಕಣ್ಣು ನನ್ನ ಬೋಳು ತಲೆಯ ಮೇಲೆಯೇ ಇತ್ತು.

‘ಕರಿ ಸೊಸಿ ಅಂತ ನಕ್ಕಿ, ಕೆಂಪ ಬಾಳಿ ನೋಡಿಯೇನ,
ಬಿಸಿಲುಂಡು ಬೆಳೆದಾಕಿ ಬಿಸಿಲಿಗಿ ಅಂಜತಾಳೇನ,
ಸುಲಿದಿಟ್ಟ ಬಾಳಿಹಣ್ಣ ಬೆಳ್ಳಗ ಹೊಳಿತದ ಖರೆ,
ಹೊತ್ತೇರೂದ್ರಾಗ ನೊಣ ಮುಕರಿ ಮೈಯೆಲ್ಲ ಕರೆ.’

ಬಸ್ಸು ಕಾಯುವವರು ಬಿದ್ದು ಬಿದ್ದು ನಕ್ಕರು. ಬಶೀರ ದ್ರೋಹಿ, ಖಾಲಿ ಹಣ್ಣಿನ ಪೆಟ್ಟಿಗೆಯನ್ನು ಬೋರಲು ಹಾಕಿ ತಾಳ ಹಿಡಿದಿದ್ದ. ಬಸ್ಸು ಬಂದು ನಿಂತು ಹಾರ್ನು ಹೊಡೆದರೂ ಯಾರೂ ಹತ್ತಲಿಲ್ಲ. ಇನ್ನೊಮ್ಮೆ ಅನ್ರೀ ಬಾಯಾರ ಎಂದು ಕಂಡಕ್ಟರೂ ಇಳಿದು ಬಂದ. ಶಾಂತಾಬಾಯಿ ಮೂರು ಸಲ ಹೇಳಿದರು, ಪ್ರತಿ ಸಲ ಒಂದು ಸಾಲು ಹೆಚ್ಚಾಯಿತು, ನನ್ನ ಹೊಟ್ಟೆ, ನನ್ನ ಕಿವಿ ಯಾವುದನ್ನೂ ಬಿಡಲಿಲ್ಲ. ಕೊನೆಯಲ್ಲಿ ಆಕೆಯೇ ನಕ್ಕರು. ನಾನು ಕೂತಲ್ಲೇ ಕೂತಿದ್ದೆ, ಎದ್ದಿರಲಿಲ್ಲ. ಕರುಣಾ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು. ಗಾಳಿಯ ಸದ್ದು ಬಂದಿರುತ್ತದೆ, ಸ್ಟುಡಿಯೋದಲ್ಲಿ ಇನ್ನೊಮ್ಮೆ ಹಾಡಿಸೋಣ ಎಂದು ನಾನು ಹೇಳಿದೆ. ನನ್ನ ಸೊಕ್ಕು ಮುರಿದಿರಬಹುದು, ಕಿವಿ ಇನ್ನೂ ಸರಿಯಾಗಿಯೇ ಇತ್ತು.

ಕಾರ್ಯಕ್ರಮದಲ್ಲಿ ಆ ಹಾಡು ಆಯಿತು. ಮೊದಲಿಗೆ ನನ್ನ ಹಳೆಯ ದನಿ, ಅದರ ಮೇಲೆ ಶಾಂತಾಬಾಯಿಯ ದನಿ, ಆಮೇಲೆ ಎಂ.ಸಿ. ಕೆಂಬಾಳಿ. ಹುಡುಗರು ಅದನ್ನು ಫೋನಿನಿಂದ ಫೋನಿಗೆ ದಾಟಿಸಿದರು. ಹಾಸ್ಯಭಾಸ್ಕರ ಎಂದರೆ ಯಾರು ಎಂಬುದನ್ನು ಹಾಡಿನ ಕೆಳಗೆ ನನ್ನ ಹೆಸರು, ಓಣಿ ಸಮೇತ ಬರೆಯಲು ನಾನೇ ಹೇಳಿದ್ದೆ. ಹೇಳುವಾಗ ಬಹಳ ಧೈರ್ಯವಿತ್ತು.

ಒಂದು ತಿಂಗಳ ನಂತರ ಜಗತ್ ಸರ್ಕಲ್ಲಿನಲ್ಲಿ ರಸ್ತೆ ದಾಟುತ್ತಿದ್ದೆ. ಆಟೋದವನೊಬ್ಬ ತಲೆ ಹೊರಹಾಕಿ ‘ಏ ಸುಲಿದ ಬಾಳ್ಯಾ’ ಎಂದು ಕೂಗಿ ಹೋದ. ಸುತ್ತಲಿನವರು ನಕ್ಕರು. ಒಳಗೆ ಚುರುಕ್ ಎಂದಿತು. ಮನೆಗೆ ಬಂದು, ಇನ್ನು ನಾಲ್ಕು ದಿನ ಹೊರಗೆ ಹೋಗುವುದಿಲ್ಲ, ತರಕಾರಿ ನೀನೇ ತಾ ಎಂದೆ. ಹೆಂಡತಿ ಕಾರಣ ಕೇಳಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆಮೇಲೆ ತರಕಾರಿಯವನು ಅಂದ, ಚುರುಮುರಿ ಭಟ್ಟಿಯವನು ಅಂದ, ಬ್ರಹ್ಮಪುರದ ಗೆಟ್ಟೋದ ಹುಡುಗನ ತಂದೆಯೂ ಮರೆತು ಒಮ್ಮೆ ಅಂದು ನಾಲಿಗೆ ಕಚ್ಚಿಕೊಂಡರು. ನಾನು ಟೋಪಿ ಹಾಕಿಕೊಂಡು ಓಡಾಡಿ ನೋಡಿದೆ, ಪ್ರಯೋಜನವಾಗಲಿಲ್ಲ.

ನಿವೃತ್ತನಾಗಿ ಸ್ಟುಡಿಯೋದ ಬೀಗದ ಕೈ ಮರಳಿಸಿದ ದಿನ ಕರುಣಾ ಬಂದಿದ್ದಳು. ಊರಲ್ಲಿ ಈಗ ನಿಮ್ಮವ್ವನನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿದೆ. ಈಗ ಶಾಂತಾಬಾಯಿ ಅನ್ನುವವರೇ ಹೆಚ್ಚು, ಆದರೆ ಬಾವಿ ಕಡೆಯ ಹಳೆ ಮಂದಿ ಇಬ್ಬರು ಮೂವರು ಇನ್ನೂ ಅದನ್ನೇ ಅನ್ನುತ್ತಾರೆ ಅಂದಳು. ಅವರಿಗೆ ಕೆಟ್ಟ ಮನಸ್ಸೇನೂ ಇಲ್ಲವಂತೆ, ಆಕೆಗೆ ಬೇರೆ ಹೆಸರಿದೆ ಎಂಬುದೇ ನೆನಪಿಲ್ಲವಂತೆ.

ಮೊನ್ನೆ ಸಂತೆಯಲ್ಲಿ ಯಾರೋ ಹಿಂದಿನಿಂದ ‘ಸುಲಿದ ಬಾಳಿ ಕಾಕಾ’ ಎಂದು ಕರೆದರು. ಮೊದಲಿನ ಹಾಗೆ ಕೇಳಿಸದವನಂತೆ ಮುಂದೆ ಹೋಗಬಹುದಿತ್ತು. ಶಾಂತಾಬಾಯಿ ಇಪ್ಪತ್ತೆರಡು ವರ್ಷ ಓ ಅಂದವರು, ನನಗೆ ಈ ಹೆಸರು ಬಂದು ಇನ್ನೂ ಎಂಟು ತಿಂಗಳೂ ಆಗಿಲ್ಲ. ಚೀಲ ಕೆಳಗಿಟ್ಟು ತಿರುಗಿ, ಓ, ಏನಪ್ಪ ಎಂದೆ.